ತೊಂಬತ್ತೊಂಬತ್ತರ ಗೂಡು

ಸತ್ತವರಿಗೆ ಸಂಖ್ಯೆ ಹಾಕುವುದು ಅವಳ ಕೆಲಸ. ಅದಕ್ಕೇ ಕಚೇರಿಯಲ್ಲಿ ಎಲ್ಲರೂ ಅವಳನ್ನು ನಂಬರಕ್ಕ ಎನ್ನುತ್ತಿದ್ದರು. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು. ಇಪ್ಪತ್ತಾರು ವರ್ಷ ಕಳೆದ ಮೇಲೆ ತಮಾಷೆ ಸವೆದು ಹೋಗಿ ಹೆಸರು ಮಾತ್ರ ಉಳಿದಿತ್ತು. ಊರಿನಲ್ಲಿ ಯಾರೇ ಕಣ್ಣು ಮುಚ್ಚಲಿ, ವೈದ್ಯರು ಬರೆದ ಮರಣದ ಫಾರಂ ನೋಂದಣಿ ಕಚೇರಿಯ ಎರಡನೇ ಮಹಡಿಗೆ, ಅವಳ ಮೇಜಿಗೆ ಬರುತ್ತಿತ್ತು. ಅವಳು ಕಾರಣ ಓದಿ ಮೂಲೆಯ ಚೌಕದಲ್ಲಿ ಎರಡಂಕಿಯ ಸಂಕೇತ ಬರೆದು, ಬೆನ್ನ ಹಿಂದಿನ ಗೋಡೆಯ ಮರದ ಗೂಡುಗಳಲ್ಲಿ ಒಂದಕ್ಕೆ ಅದನ್ನು ಸೇರಿಸುತ್ತಿದ್ದಳು. ವರ್ಷದ ಕೊನೆಗೆ ಗೂಡುಗಳನ್ನು ಎಣಿಸಿ ಪಟ್ಟಿ ಮಾಡಿದರೆ ಊರು ಏತರಿಂದ ಸಾಯುತ್ತಿದೆ ಎಂಬುದು ಸರ್ಕಾರಕ್ಕೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದರು.

ಮೂವತ್ತೊಂದು ಎಂದರೆ ಹೃದ್ರೋಗ. ಆ ಗೂಡು ಸರಿಯಾಗಿ ಕಣ್ಣೆತ್ತರದಲ್ಲಿತ್ತು, ಅದರಲ್ಲಿ ಹಾಳೆಗಳು ಬಹಳ ಕಮ್ಮಿ. ತೊಂಬತ್ತೊಂಬತ್ತು ಎಂದರೆ ‘ಕಾರಣ ತಿಳಿದಿಲ್ಲ’. ಅದು ಎಲ್ಲಕ್ಕಿಂತ ಕೆಳಗೆ, ಕಸ ಗುಡಿಸುವವಳ ಪೊರಕೆ ತಾಗುವಷ್ಟು ನೆಲಕ್ಕೆ ಹತ್ತಿರ ಇತ್ತು. ಆ ಗೂಡು ಮಾತ್ರ ವರ್ಷದಲ್ಲಿ ನಾಲ್ಕು ಸಲ ತುಂಬುತ್ತಿತ್ತು. ತುಂಬಿದಾಗ ಹಾಳೆಗಳನ್ನು ದಾರದಲ್ಲಿ ಕಟ್ಟಿ ಹಿಂದಿನ ಕೋಣೆಗೆ ಎಸೆಯುವುದು ರೂಢಿ. ವರ್ಷದ ಪಟ್ಟಿಯಲ್ಲಿ ತೊಂಬತ್ತೊಂಬತ್ತಕ್ಕೆ ಸಾಲೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಪಟ್ಟಿ ಮಾಡುವುದು ಯಾವ ಸಂಭ್ರಮಕ್ಕೆ?

ಈ ರೂಢಿ ಹಾಕಿಕೊಟ್ಟವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು. ನಂಬರಕ್ಕನಿಗೂ ಕೈ ಹಿಡಿದು ಕಲಿಸಿದವರು ಅವರೇ. ಮೊದಲ ವಾರವೇ ಒಂದು ಫಾರಂ ಎತ್ತಿ ಅವಳ ಮೂಗಿನ ಮುಂದೆ ಹಿಡಿದಿದ್ದರು.

“ನೋಡಮ್ಮ, ಡಾಕ್ಟರು ‘ಹೃದಯ ನಿಂತಿತು’ ಅಂತ ಬರೆದಿದ್ದಾರೆ. ಸತ್ತೋರಲ್ಲಿ ಹೃದಯ ನಿಲ್ಲದೇ ಇರೋರು ಯಾರಿದ್ದಾರೆ ಹೇಳು? ಇದು ಕಾರಣ ಅಲ್ಲ, ಸುದ್ದಿ. ಸುದ್ದಿಗೆ ನಾವು ನಂಬರ್ ಹಾಕಲ್ಲ.”

ಮಾತು ತಪ್ಪಲ್ಲ. ಬಾವಿಗೆ ಬಿದ್ದವನದ್ದೂ ಹೃದಯ ನಿಲ್ಲುತ್ತದೆ, ಜ್ವರ ಬಂದವನದ್ದೂ ನಿಲ್ಲುತ್ತದೆ. ಅಂಥ ಫಾರಂ ಬಂದರೆ ವೈದ್ಯರಿಗೆ ವಿಚಾರಣಾ ಪತ್ರ ಕಳಿಸಿ ಮೂಲ ಕಾರಣ ಕೇಳಬೇಕು, ಉತ್ತರ ಬರುವ ತನಕ ತೊಂಬತ್ತೊಂಬತ್ತರಲ್ಲಿ ಇಡಬೇಕು ಎಂಬುದು ನಿಯಮ. ಮೊದಮೊದಲು ಕಳಿಸುತ್ತಿದ್ದರು. ಒಂದು ದಿನ ದೊಡ್ಡಾಸ್ಪತ್ರೆಯ ಹಿರಿಯ ವೈದ್ಯರೊಬ್ಬರು ಫೋನು ಮಾಡಿ, “ನನಗೆ ವೈದ್ಯ ಹೇಳಿಕೊಡೋಕೆ ಬಂದ್ರಾ?” ಎಂದು ಮೇಷ್ಟ್ರಿಗೆ ನೀರಿಳಿಸಿದರು. ಅಂದಿನಿಂದ ವಿಚಾರಣಾ ಪತ್ರದ ಪುಸ್ತಕ ಬೀರುವಿನ ಮೇಲಕ್ಕೆ ಹೋಯಿತು. ಪತ್ರ ಹೋಗುವುದು ನಿಂತಿತು, ಉತ್ತರ ಬರುವ ತನಕ ಇಡುವುದು ಮಾತ್ರ ನಿಲ್ಲಲಿಲ್ಲ. ನಂಬರಕ್ಕ ಆ ನಿಯಮವನ್ನು ತನ್ನ ದುಂಡು ಅಕ್ಷರದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಳು: ‘ಹೃದಯ ನಿಂತಿತು, ಹೃದಯ ಸ್ತಂಭನ, ಎದೆ ಬಡಿತ ನಿಲುಗಡೆ — ಇವೆಲ್ಲ 99.’ ಅವಳ ಸಂಕೇತದಲ್ಲಿ ಒಂದೇ ಒಂದು ತಪ್ಪು ಕಂಡುಹಿಡಿದವರಿಲ್ಲ. ಅದರ ಬಗ್ಗೆ ಅವಳಿಗೆ ತುಸು ಜಂಬವೇ ಇತ್ತು ಎನ್ನಬೇಕು.

ಹೀಗಿರುವಾಗ ಆರೋಗ್ಯ ಇಲಾಖೆಯವರು ಹೃದ್ರೋಗ ತಡೆಯುವ ದೊಡ್ಡದೊಂದು ಯೋಜನೆ ಮಾಡಿದರು. ಬಿದ್ದವರನ್ನು ಆಸ್ಪತ್ರೆಗೆ ಹೊರುವುದಲ್ಲ, ಬೀಳದ ಹಾಗೆ ಮಾಡುವುದು ಅದರ ಉದ್ದೇಶ. ಬ್ರೆಡ್ಡಿಗೂ ಪೊಟ್ಟಣದ ತಿಂಡಿಗೂ ಇಷ್ಟೇ ಉಪ್ಪು ಎಂಬ ಕಾನೂನು. ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಹೋಟೆಲಿನ ಅಡಿಗೆಮನೆಗೆ ಬೀಗ. ಕಾರ್ಖಾನೆ, ಡಿಪೋ, ಮಾರುಕಟ್ಟೆಗಳಲ್ಲಿ ಎಲ್ಲರಿಗೂ ರಕ್ತದೊತ್ತಡದ ತಪಾಸಣೆ, ಪುಕ್ಕಟೆ ಮಾತ್ರೆ. ಎಲ್ಲಕ್ಕಿಂತ ಮುಖ್ಯವಾಗಿ, ತಪಾಸಣೆಯಲ್ಲಿ ಸಿಕ್ಕಿಬಿದ್ದವನ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂಬ ಆದೇಶ. ಆದರೆ ಇದೆಲ್ಲ ಎಲ್ಲ ಊರಿಗೂ ಒಟ್ಟಿಗೆ ಆಗುವುದಿಲ್ಲ. ಯಾವ ಆರು ಊರುಗಳಲ್ಲಿ ಹೃದಯದ ಸಾವು ಹೆಚ್ಚೋ ಅಲ್ಲಿ ಮೊದಲು. ಉಳಿದವರಿಗೆ ಎರಡು ವರ್ಷದ ನಂತರ. ಪಟ್ಟಿ ತರಿಸಿ ನೋಡಿದರೆ ನಂಬರಕ್ಕನ ಊರು ಕಟ್ಟಕಡೆಯಲ್ಲಿತ್ತು. ಇಷ್ಟು ಗಟ್ಟಿ ಹೃದಯದ ಜನ ಬೇರೆಲ್ಲೂ ಇಲ್ಲವೆಂದು ಇಲಾಖೆಗೆ ಪರಮಾನಂದವಾಗಿ, ‘ಸ್ವಸ್ಥ ಹೃದಯಗಳ ನಗರ’ ಎಂದು ಕೆತ್ತಿಸಿದ ಕಲ್ಲಿನ ಫಲಕ ಕಳಿಸಿಕೊಟ್ಟಿತು. ಶುಕ್ರವಾರ ಬೆಳಿಗ್ಗೆ ಅದರ ಅನಾವರಣ, ಅಂದೇ ಸಂಜೆ ಐದಕ್ಕೆ ಆರು ಊರುಗಳ ಪಟ್ಟಿಗೆ ಮೊಹರು.

ಬುಧವಾರ ಯೋಜನೆಯ ಮುಖ್ಯಸ್ಥೆ ಬಂದರು. ಸ್ವತಃ ವೈದ್ಯೆ, ಮಾತು ಕಮ್ಮಿ. ಕಚೇರಿಯಲ್ಲೆಲ್ಲ ಸುತ್ತಾಡಿ ಕೊನೆಗೆ ನಂಬರಕ್ಕನ ಮೇಜಿನ ಎದುರು ಕುಳಿತು, ಗೂಡುಗಳನ್ನು ಸ್ವಲ್ಪ ಹೊತ್ತು ನೋಡಿದರು.

“ಈ ಊರಲ್ಲಿ ಉಪ್ಪು ಕಮ್ಮಿ ತಿನ್ನಲ್ಲ, ಸಿಗರೇಟು ಕಮ್ಮಿ ಸೇದಲ್ಲ. ಬರ್ತಾ ದಾರೀಲಿ ನೋಡಿದೆ. ಆದ್ರೂ ಹೃದಯದಿಂದ ಯಾರೂ ಸಾಯ್ತಿಲ್ಲ. ಮತ್ತೆ ಏತರಿಂದ ಸಾಯ್ತಾರಮ್ಮ ಇಲ್ಲಿಯವರು?”

ನಗುತ್ತಲೇ ಕೇಳಿದ ಪ್ರಶ್ನೆ. ನಂಬರಕ್ಕನೂ ನಕ್ಕಳು.

ಅವರು ಹೋದ ಮೇಲೆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಗುರುವಾರ ಊಟಕ್ಕೂ ಏಳದೆ ಹಿಂದಿನ ಕೋಣೆಗೆ ಹೋಗಿ, ಮೂರು ವರ್ಷದ ತೊಂಬತ್ತೊಂಬತ್ತರ ಕಟ್ಟುಗಳನ್ನು ನೆಲದ ಮೇಲೆ ಬಿಚ್ಚಿದಳು. ಧೂಳಿಗೆ ನಾಲ್ಕು ಸಲ ಸೀನಿದಳು. ‘ಹೃದಯ ನಿಂತಿತು’ ಎಂದಿದ್ದ ಹಾಳೆಗಳನ್ನು ಒಂದು ಕಡೆ ಪೇರಿಸುತ್ತಾ ಹೋದಳು. ಪೇರಿಸಿದ್ದು ನಾಲ್ಕು ಬೆರಳಿನ ಎತ್ತರ ಬಂತು. ನಾನೂರ ಹನ್ನೆರಡು. ಅದರಲ್ಲಿ ಐವತ್ತು ತುಂಬದವರು ನೂರ ಅರವತ್ತಮೂರು. ನಲವತ್ತೊಂದು ವರ್ಷ, ಶಾಲಾ ಶಿಕ್ಷಕಿ, ಪಾಠ ಹೇಳುತ್ತಿದ್ದಾಗ. ಮೂವತ್ತೆಂಟು, ಗಾರೆ ಕೆಲಸದವನು, ಬೆವರಿ ಕುಳಿತವನು ಏಳಲಿಲ್ಲ. ಇಷ್ಟೂ ಮಂದಿಗೆ ಅವಳೇ ಸಂಕೇತ ಹಾಕಿದ್ದಳು, ಒಂದೊಂದಾಗಿ, ಬೇರೆ ಬೇರೆ ದಿನಗಳಲ್ಲಿ, ಚಹಾ ಕುಡಿಯುತ್ತಾ. ಒಟ್ಟಿಗೆ ನೋಡಿದ್ದು ಇದೇ ಮೊದಲು.

ಉದ್ಯೋಗದ ಸಾಲು ಓದುತ್ತಾ ಬಂದವಳು ಒಂದು ಹಾಳೆಯಲ್ಲಿ ತಡೆದು ನಿಂತಳು. ಬಸ್ ಚಾಲಕ, ಎರಡನೇ ಡಿಪೋ. ಹತ್ತು ಹಾಳೆ ಕಳೆದು ಮತ್ತೊಂದು: ಬಸ್ ಚಾಲಕ, ಎರಡನೇ ಡಿಪೋ. ಹುಡುಕುತ್ತಾ ಹೋದಂತೆ ಏಳು ಸಿಕ್ಕವು. ಎಲ್ಲರೂ ನಲವತ್ತರ ಆಸುಪಾಸು.

ಅವಳ ಒಬ್ಬನೇ ತಮ್ಮ ಅದೇ ಡಿಪೋದ ಚಾಲಕ. ವಯಸ್ಸು ನಲವತ್ನಾಲ್ಕು.

ತಾಯಿ ಹೋದಾಗ ತಮ್ಮನಿಗೆ ಒಂಬತ್ತು. ಅವನನ್ನು ಸಾಕಿ, ಬೈದು, ಓದಿಸಿ, ಮದುವೆ ಮಾಡಿದ್ದೆಲ್ಲ ಅವಳೇ. ತಾನು ಮದುವೆಯ ಗೋಜಿಗೆ ಹೋಗಲಿಲ್ಲ. ಕಳೆದ ತಿಂಗಳಿನಿಂದ ಅವನಿಗೆ ಎಡ ಭುಜದಲ್ಲಿ ನೋವು. “ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಹೀಗೆ” ಎಂದು ಅವನು ಅಂದದ್ದನ್ನು ಅವಳು ನಂಬಿ, ಎಣ್ಣೆ ಬಿಸಿ ಮಾಡಿ ತಿಕ್ಕಿಯೂ ಕೊಟ್ಟಿದ್ದಳು. ಆ ಎಣ್ಣೆಯ ವಾಸನೆ ಈಗ ಕೈಯಿಂದ ಬಂದಂತಾಗಿ ಅವಳು ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡಳು.

ಸಂಜೆ, ನಿವೃತ್ತರಾಗಿ ಮನೆಯಲ್ಲಿದ್ದ ಮೇಷ್ಟ್ರ ಬಳಿಗೆ ಓಡಿದಳು. ಅವರು ಮರುದಿನದ ಸಮಾರಂಭಕ್ಕೆ ಕೋಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಇಷ್ಟು ಶಿಸ್ತಾದ ಲೆಕ್ಕ ಇಟ್ಟ ಕಚೇರಿಯನ್ನು ಕಟ್ಟಿದವರೆಂದು ಅವರಿಗೆ ವೇದಿಕೆಯ ಮೇಲೆ ಸನ್ಮಾನವಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕುರ್ಚಿಗೆ ಒರಗಿದರು.

“ನಿಯಮ ತಪ್ಪಿಲ್ಲಮ್ಮ.”

“ನಿಯಮ ತಪ್ಪಿಲ್ಲ ಮೇಷ್ಟ್ರೇ. ಆದ್ರೆ ನಾವು ಪತ್ರಾನೇ ಕಳಿಸ್ಲಿಲ್ಲವಲ್ಲ.”

ಅವರು ಕೋಟಿನ ಕಾಲರನ್ನು ಸರಿಮಾಡಿದರು. ಆಮೇಲೆ ಹೇಳಿದರು: “ನಾಳೆ ಒಂದು ದಿನ ಕಳೀಲಿ. ವೇದಿಕೆ ಮೇಲೆ ಕೂರಿಸಿ ನನ್ನ ಮಾನ ಕಳೀಬೇಡ. ಸೋಮವಾರ ಹೇಳು, ನಾನೇ ಜೊತೆಗೆ ಬರ್ತೀನಿ. ಮೂರು ದಿನದಲ್ಲಿ ಏನು ಮುಳುಗಿಹೋಗತ್ತೆ?”

ಹಾಗೆಂದು ಅವಳ ಕೈ ಹಿಡಿದುಕೊಂಡರು. ಕೆಲಸ ಕಲಿಸಿದ ಕೈ. ನಂಬರಕ್ಕ ಹೂಂ ಎಂದು ಬಂದಳು. ಅವಳಿಗೆ ಸಂಜೆ ಐದರ ಮೊಹರು ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು. ಸರ್ಕಾರದ ಗಡುವು ಎಲ್ಲಿ ಅಷ್ಟು ಕರಾರುವಾಕ್ಕಾಗಿ ನಡೆಯುತ್ತದೆ, ಸೋಮವಾರವೂ ನಡೆದೀತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಸರ್ಕಾರ ಎಲ್ಲದರಲ್ಲೂ ತಡ ಮಾಡುತ್ತದೆ. ತಡವಾಗಲಿ ಎಂದು ನಾವು ಬೇಡಿಕೊಂಡ ದಿನ ಮಾತ್ರ ಗಂಟೆ ನೋಡಿ ನಡೆಯುತ್ತದೆ.

ಶುಕ್ರವಾರ ಕಚೇರಿಯ ಮುಂದೆ ಪರದೆ ಸರಿಸಿದರು, ಚಪ್ಪಾಳೆ ತಟ್ಟಿದರು. ಡಿಪೋದವರು ಬಿಟ್ಟಿ ಬಸ್ಸು ಕೊಟ್ಟು ಜನರನ್ನು ಕರೆತಂದಿದ್ದರು. ಒಂದು ಬಸ್ಸನ್ನು ತಮ್ಮನೇ ಓಡಿಸಿಕೊಂಡು ಬಂದಿದ್ದ. ದೂರದಿಂದ ಅಕ್ಕನನ್ನು ನೋಡಿ, ಫಲಕದ ಕಡೆ ಬೆರಳು ಮಾಡಿ, ಎದೆ ಉಬ್ಬಿಸಿ ಎರಡು ಸಲ ಗುದ್ದಿಕೊಂಡು ನಕ್ಕ. ಅವನ ಸುತ್ತ ನಿಂತ ಚಾಲಕರೂ ಹಾಗೇ ಗುದ್ದಿಕೊಂಡು ನಕ್ಕರು. ನಂಬರಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲು ಹತ್ತಿ ತನ್ನ ಮೇಜಿಗೆ ಬಂದು, ಗಡಿಯಾರ ನೋಡುತ್ತಾ ಐದರ ತನಕ ಕುಳಿತಳು. ಫೋನು ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

ಸೋಮವಾರ ಮೇಷ್ಟ್ರು ಬರಲಿಲ್ಲ; ಮೈ ಸರಿಯಿಲ್ಲವೆಂದು ಹೇಳಿಕಳಿಸಿದರು. ಅವಳೊಬ್ಬಳೇ ಹಾಳೆಗಳ ಚೀಲ ಹೊತ್ತು ಯೋಜನೆಯ ವೈದ್ಯೆಯ ಕೋಣೆಗೆ ಹೋದಳು. ವೈದ್ಯೆ ಒಂದೊಂದೇ ಹಾಳೆ ತಿರುವಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಗುರುವಾರ.”

“ಶುಕ್ರವಾರ ನಾಲ್ಕೂ ಮುಕ್ಕಾಲಿಗೆ ಒಂದು ಫೋನು ಮಾಡಿದ್ರೂ ನಾನು ಪಟ್ಟಿ ತಡೀತಿದ್ದೆ. ಇವತ್ತು ಬೆಳಿಗ್ಗೆ ಆರು ಊರಿಗೂ ಆದೇಶ ಹೋಯ್ತು. ಇನ್ನು ಎರಡು ವರ್ಷ ಯಾರ ಕೈಯಲ್ಲೂ ಏನೂ ಇಲ್ಲ.” ಚಾಲಕರ ಏಳು ಹಾಳೆಗಳನ್ನು ಬೇರೆ ತೆಗೆದಿಟ್ಟು ಕೇಳಿದರು: “ನಿಮ್ಮೋರು ಯಾರಾದ್ರೂ ಇದ್ದಾರಾ ಆ ಡಿಪೋದಲ್ಲಿ?”

ಅವಳು ತಲೆಯಾಡಿಸಿದಳು.

“ಹಾಗಾದ್ರೆ ಯೋಜನೆ ಕಾಯ್ತಾ ಕೂರಬೇಡಿ. ನಾಳೇನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಅಂದು ಸಂಜೆಯೇ ತಮ್ಮನ ಮನೆಗೆ ಹೋದಳು. ಅವನು ಸಮವಸ್ತ್ರದ ಗುಂಡಿ ಬಿಚ್ಚಿ, ಉಪ್ಪು ಹಚ್ಚಿದ ಪೊಟ್ಟಣದ ತಿಂಡಿ ಮೆಲ್ಲುತ್ತಾ ಕುಳಿತಿದ್ದ. ಅವಳು ಏಳು ಚಾಲಕರ ವಿಷಯ ಹೇಳಿದಳು. ಅವನಿಗೆ ಏಳೂ ಮಂದಿ ಗೊತ್ತಿತ್ತು, ಏಳಕ್ಕೂ ಅವನ ಬಳಿ ಕಾರಣವಿತ್ತು.

“ಮೊದಲನೆಯೋನು ಕುಡೀತಿದ್ದ. ಎರಡನೆಯೋನಿಗೆ ಮೂಗಿನ ತುದೀಲೇ ಸಿಟ್ಟು. ಆ ಕುಳ್ಳನಿಗೆ ಮನೇಲಿ ನೆಮ್ಮದಿ ಇರ್ಲಿಲ್ಲ. ನಂಗೇನಾಗಿದೆ? ಬಂಡೆ ಇದ್ದಂಗಿದೀನಿ.”

“ಅವರೂ ಬಂಡೆ ಇದ್ದಂಗೇ ಇದ್ರು ಕಣೋ. ನಾಳೆ ಆಸ್ಪತ್ರೆಗೆ ನಡಿ.”

ತಮ್ಮನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. “ಒಂದು ಸಲ ಗಟ್ಟಿಯಾಗಿ ಹೇಳಿ ಅತ್ತಿಗೆ, ನನ್ನ ಮಾತು ಕಿವೀಗೇ ಹಾಕ್ಕೊಳಲ್ಲ. ನಿನ್ನೆ ಮೆಟ್ಟಿಲು ಹತ್ತೋವಾಗ ಅರ್ಧದಲ್ಲೇ ಕೂತುಬಿಟ್ರು.”

ಅವನು ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ತಮಾಷೆ ಬಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ: “ಅಕ್ಕ, ನಿಂಗೆ ಡಿಪೋ ಗೊತ್ತಿಲ್ಲ. ಬೀಪಿ ಅಂತ ಒಂದು ಚೀಟಿ ಬಂದ್ರೆ ಸಾಕು, ಮಾರನೇ ದಿನ ಸ್ಟೇರಿಂಗ್ ಇಂದ ಇಳಿಸ್ತಾರೆ. ಟೈರು ತೊಳಿಯೋ ಕಡೆ ಹಾಕ್ತಾರೆ, ಇಲ್ಲಾಂದ್ರೆ ಮನೆಗೆ. ಪಕ್ಕದೂರು ಡಿಪೋದಲ್ಲಿ ಈಗ ಕಾನೂನು ಬಂತಂತೆ, ಮಾತ್ರೆ ತಗೊಂಡು ಓಡಿಸ್ಬಹುದಂತೆ. ನಮ್ಮೂರಿಗೂ ಬರ್ಲಿ, ಮೊದಲನೇ ದಿನಾನೇ ಕೈ ಚಾಚ್ತೀನಿ. ಯಾವಾಗ ಬರತ್ತಂತೆ?”

“ಎರಡು ವರ್ಷ” ಎಂದಳು ಅಕ್ಕ.

“ನಮ್ಗ್ಯಾಕೆ ಅಷ್ಟು ತಡ?”

ಯಾಕೆ ತಡ, ಯಾರಿಂದ ತಡ ಎಂದು ಅಲ್ಲೇ ಹೇಳಿ, ಕಾಲು ಹಿಡಿದು, ಅತ್ತು ಕರೆದು ಅವನನ್ನು ಎಳೆದುಕೊಂಡು ಹೋಗಬಹುದಿತ್ತು. ತಾನು ಸಾಕಿದವನ ಎದುರು ಸಣ್ಣವಳಾಗಲು ಮನಸ್ಸು ಬರಲಿಲ್ಲ. ತಿಂಗಳ ಕೊನೆಗೆ ರಜೆ ಸಿಕ್ಕಿದಾಗ ಬೇರೆ ಊರಿನ ಆಸ್ಪತ್ರೆಗೆ ಗುಟ್ಟಾಗಿ ಹೋಗುವುದೆಂದು ಮಾತಾಯಿತು. ಅವಳು ಹೊರಡುವಾಗ ಅವನು ಪೊಟ್ಟಣವನ್ನು ಅವಳ ಮುಂದೆ ಹಿಡಿದು, “ತಗೋ, ಸ್ವಸ್ಥ ಹೃದಯದ ತಿಂಡಿ” ಎಂದ.

ಕಚೇರಿಯಲ್ಲಿ ಅವಳು ಮೇಲಧಿಕಾರಿಗೆ ಎಲ್ಲವನ್ನೂ ಬರೆದು ಕೊಟ್ಟಳು. ಕಡತ ‘ಪರಿಶೀಲನೆಯಲ್ಲಿದೆ’ ಎಂದಾಯಿತು. ಆದೇಶವಿಲ್ಲದೆ ವೈದ್ಯರಿಗೆ ಪತ್ರ ಬರೆಯುವುದು ಹೇಗೆ? ಆದೇಶವಿಲ್ಲದೆ ಗಾಜಿನ ಕೆಳಗಿನ ನಿಯಮ ತೆಗೆಯುವುದು ಹೇಗೆ? ಇಪ್ಪತ್ತಾರು ವರ್ಷ ನಿಯಮದಂತೆ ನಡೆದವಳು. ಕೈ ಕಟ್ಟಿ ಕುಳಿತಳು. ‘ಹೃದಯ ನಿಂತಿತು’ ಎಂಬ ಫಾರಂಗಳು ವಾರಕ್ಕೆ ಎರಡೋ ಮೂರೋ ಬರುತ್ತಿದ್ದವು. ಅವನ್ನು ಓದುವಾಗ ಮೊದಲು ಉದ್ಯೋಗದ ಸಾಲು ನೋಡುವುದು ಅಭ್ಯಾಸವಾಯಿತು. ನೋಡಿ, ಉಸಿರು ಬಿಟ್ಟು, ಎಂದಿನಂತೆ ತೊಂಬತ್ತೊಂಬತ್ತು ಬರೆಯುತ್ತಿದ್ದಳು.

ತಿಂಗಳ ಕೊನೆಗೆ ಇನ್ನೂ ಆರು ದಿನವಿತ್ತು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ತಮ್ಮನು ಬಸ್ಸನ್ನು ಕೊನೆಯ ನಿಲ್ದಾಣಕ್ಕೆ ತಂದು ನಿಲ್ಲಿಸಿದ. ಕೈ ಬ್ರೇಕು ಎಳೆದ. ಜನರೆಲ್ಲ ಇಳಿದರು. ಕೊನೆಗೆ ಇಳಿದ ಹೆಂಗಸೊಬ್ಬಳು ಚೀಲ ಮರೆತು ವಾಪಸು ಹತ್ತಿದಾಗ ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಪಾಪ, ದಣಿದಿದ್ದಾನೆ ಎಂದುಕೊಂಡು ಅವಳು ಸದ್ದು ಮಾಡದೆ ಇಳಿದು ಹೋದಳಂತೆ.

ಹದಿನೈದು ದಿನ ರಜೆ ಹಾಕಿ, ಹದಿನಾರನೆಯ ದಿನ ನಂಬರಕ್ಕ ಕಚೇರಿಗೆ ಬಂದಳು. ಬಾಗಿಲಲ್ಲಿ ಫಲಕ ಹೊಳೆಯುತ್ತಿತ್ತು. ಅದನ್ನು ದಿನಾ ಒರೆಸಲು ಆಳು ನೇಮಿಸಿದ್ದರು. ಅವಳ ಜಾಗಕ್ಕೆ ಕೆಳಗಿನ ಮಹಡಿಯ ಜನನ ವಿಭಾಗದಿಂದ ಒಬ್ಬಳನ್ನು ಕೂರಿಸಿದ್ದರು. ದಿನವಿಡೀ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಜನ ತಂದ ಸಿಹಿ ತಿಂದುಕೊಂಡು ಇದ್ದವಳು. ಸಾವಿನ ಕೆಲಸ ಬಿಟ್ಟುಹೋಗುತ್ತಿರುವ ಖುಷಿಯಲ್ಲಿ ಎದ್ದು ನಿಂತಳು.

“ಒಂದು ಹಾಳೆನೂ ಬಾಕಿ ಇಟ್ಟಿಲ್ಲ ಅಕ್ಕ. ಮೊದಲು ಕೈಕಾಲೇ ಆಡ್ಲಿಲ್ಲ. ಆಮೇಲೆ ಗಾಜಿನ ಕೆಳಗೆ ನೀವು ಬರೆದಿಟ್ಟಿದ್ದು ಸಿಕ್ತು ನೋಡಿ, ಸಲೀಸಾಗಿ ಹೋಯ್ತು. ನೀವು ಬರೆದ ಹಾಗೇ ಹಾಕಿದೀನಿ.”

ನಂಬರಕ್ಕ ನೆಲಕ್ಕೆ ಕುಳಿತು ಕೆಳಗಿನ ಗೂಡಿಗೆ ಕೈ ಹಾಕಿದಳು. ಮೇಲಿನಿಂದ ಹನ್ನೊಂದನೆಯದು. ಗಂಡು, ನಲವತ್ನಾಲ್ಕು, ಬಸ್ ಚಾಲಕ, ಎರಡನೇ ಡಿಪೋ. ಸಾವಿನ ಕಾರಣ: ಹೃದಯ ನಿಂತಿತು. ಮೂಲೆಯ ಚೌಕದಲ್ಲಿ, ಬೇರೆಯವಳ ಅಚ್ಚುಕಟ್ಟಾದ ಕೈಬರಹದಲ್ಲಿ, 99.

ಬಹಳ ಹೊತ್ತು ಅವಳು ಏಳಲಿಲ್ಲ. ಜನನ ವಿಭಾಗದವಳು ಗಾಬರಿಯಾಗಿ ನೀರು ತರುತ್ತೇನೆಂದು ಓಡಿದಳು. ಆಗ ನಂಬರಕ್ಕ ಎದ್ದು, ಮೇಜಿನ ಗಾಜು ಎತ್ತಿ, ನಿಯಮದ ಚೀಟಿಯನ್ನು ಎಳೆದಳು. ಚೀಟಿ ಹರಿದು ಬಂತು. ಇಷ್ಟು ವರ್ಷದ ಸೆಕೆಗೆ ಶಾಯಿ ಗಾಜಿಗೆ ಕಚ್ಚಿಕೊಂಡು, ಅಕ್ಷರಗಳು ಅಲ್ಲೇ ಉಳಿದವು. ಉಗುರಿನಿಂದ ಕೆರೆದಳು, ಹೋಗಲಿಲ್ಲ. ಕುರ್ಚಿ ಹತ್ತಿ ಬೀರುವಿನ ಮೇಲಿಂದ ವಿಚಾರಣಾ ಪತ್ರದ ಪುಸ್ತಕ ಇಳಿಸಿದಳು. ಹಾಳೆಗಳ ಅಂಚು ಹಳದಿಯಾಗಿ ಪುಡಿ ಉದುರುತ್ತಿತ್ತು. ಆದೇಶ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಜವಾನ ಅಂದಿನ ಟಪಾಲು ತಂದು ಮೇಜಿನ ಮೇಲಿಟ್ಟ. ನಾಲ್ಕು ಫಾರಂ. ಅಭ್ಯಾಸಬಲದಿಂದ ಅವಳ ಕಣ್ಣು ಉದ್ಯೋಗದ ಸಾಲಿಗೆ ಹೋಯಿತು. ಎರಡನೆಯದರಲ್ಲಿ ಬಸ್ ಚಾಲಕ ಎಂದಿತ್ತು. ವಯಸ್ಸು ಮೂವತ್ತೊಂಬತ್ತು, ಕಾರಣ ‘ಹೃದಯ ನಿಂತಿತು’. ಫಲಕದ ಮುಂದೆ ಎದೆ ಗುದ್ದಿಕೊಂಡು ನಕ್ಕವರಲ್ಲಿ ಇವನೂ ಇದ್ದನೋ ಏನೋ, ಅವಳಿಗೆ ಮುಖ ನೆನಪಾಗಲಿಲ್ಲ.

ಅವನ ಬಗ್ಗೆ ವೈದ್ಯರಿಗೆ ಮೊದಲ ಪತ್ರ ಬರೆದಳು. ಎರಡನೆಯದನ್ನು ತಮ್ಮನ ಬಗ್ಗೆ ಬರೆಯಲೆಂದು ತೆಗೆದಳು. ಅಚ್ಚಾಗಿದ್ದ ಒಕ್ಕಣೆ ಹೀಗಿತ್ತು: ‘ಈ ವ್ಯಕ್ತಿಯ ಸಾವಿನ ಮೂಲ ಕಾರಣ ತಮಗೆ ತಿಳಿದಿದ್ದಲ್ಲಿ ದಯವಿಟ್ಟು ತಿಳಿಸುವುದು.’ ಕೆಳಗೆ ಎಡಕ್ಕೆ ಕೇಳುವವರ ಸಹಿ, ಬಲಕ್ಕೆ ಉತ್ತರಿಸುವವರ ಸಹಿ. ಅವಳು ಎಡಭಾಗವನ್ನು ಖಾಲಿ ಬಿಟ್ಟಳು. ಉತ್ತರದ ಜಾಗದಲ್ಲಿ ತನ್ನ ದುಂಡು ಅಕ್ಷರದಲ್ಲಿ, ‘ತಿಳಿದಿತ್ತು. ಗುರುವಾರವೇ ತಿಳಿದಿತ್ತು’ ಎಂದು ಬರೆದು, ಬಲಕ್ಕೆ ಸಹಿ ಹಾಕಿದಳು.